ಹ್ಯಾಂಡಲ್ ಜೋತುಬಿದ್ರೆ ಮೊದ್ಲು ಬಿಚ್ಚಿ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಈ ಸಲ ಬಂದ ಪತ್ರಗಳಲ್ಲಿ ಬಾಗಿಲಿನ ಹಿಡಿ, ಚಿಲಕ, ಲಾಕ್ ಬಗ್ಗೆನೇ ಜಾಸ್ತಿ ಇದ್ವು, ಹಂಗಾಗಿ ಈ ಕಂತು ಪೂರ್ತಿ ಅದಕ್ಕೇ ಇಟ್ಟಿದೀವಿ.

ಪ್ರಶ್ನೆ: ಸರ್, ನಮ್ದು ಅಪಾರ್ಟ್‌ಮೆಂಟ್ ಮನೆ. ಬೆಡ್‌ರೂಮ್ ಬಾಗಿಲಿನ ಹ್ಯಾಂಡಲ್ ಕೆಳಕ್ಕೆ ಜೋತುಬಿದ್ದಿದೆ, ಒತ್ತಿದ್ರೆ ವಾಪಸ್ ಮೇಲಕ್ಕೆ ಬರಲ್ಲ. ಕಾರ್ಪೆಂಟರ್ ನೋಡಿ ಪೂರ್ತಿ ಲಾಕ್ ಸೆಟ್ಟೇ ಬದಲಾಯಿಸ್ಬೇಕು, ಹೊಸದಾಗಿ ತೂತು ಹೊಡೀಬೇಕು ಅಂತಾರೆ. ನಿಜವಾಗ್ಲೂ ಬೇಕಾ? – ಓದುಗರು, ಬೆಂಗಳೂರು

ಉತ್ತರ: ಹ್ಯಾಂಡಲ್ ಬಿಚ್ಚದೆ ಇದನ್ನ ಯಾರೂ ಹೇಳೋಕಾಗಲ್ಲ. ಹಿಡಿಯ ಕತ್ತಿನ ಕೆಳಗಡೆ ಒಂದು ಸಣ್ಣ ತೂತು ಇರುತ್ತೆ ನೋಡಿ, ಅದರೊಳಗೆ ತಲೆ ಇಲ್ಲದ ಪುಟ್ಟ ಸ್ಕ್ರೂ, ಅಲೆನ್ ಕೀ ಅನ್ನೋ ಆರು ಮೂಲೆಯ ಬಾಗಿದ ಕಡ್ಡಿ ಹಾಕಿ ಬಿಗಿ ಮಾಡೋ ಅಂಥದ್ದು. ಎಷ್ಟೋ ಮನೇಲಿ ಅದು ಸಡಿಲ ಆಗಿರೋದಷ್ಟೇ ತೊಂದ್ರೆ, ಎರಡು ಸುತ್ತು ತಿರುಗಿಸಿದ್ರೆ ಮುಗೀತು. ಅದು ಬಿಗಿಯಾಗೇ ಇದ್ರೆ ಸ್ಪ್ರಿಂಗ್ ಹೋಗಿರುತ್ತೆ, ಆದ್ರೆ ಯಾವ ಸ್ಪ್ರಿಂಗ್ ಅನ್ನೋದೇ ಮುಖ್ಯ, ಯಾಕಂದ್ರೆ ಬಾಗಿಲ ದಪ್ಪದೊಳಗೆ ಕೂತಿರೋ ಲಾಕ್ ಬಾಡಿಲಿ ಒಂದಿರುತ್ತೆ, ಬಹಳಷ್ಟು ಸೆಟ್‌ಗಳಲ್ಲಿ ಹ್ಯಾಂಡಲ್ ಪ್ಲೇಟ್ ಹಿಂದೆ ಇನ್ನೊಂದಿರುತ್ತೆ. ಎರಡೂ ಕಡೆ ಹ್ಯಾಂಡಲ್ ಬಿಚ್ಚಿ, ಮಧ್ಯದಲ್ಲಿ ಚೌಕದ ಕಬ್ಬಿಣದ ಕಡ್ಡಿ ಇರುತ್ತಲ್ಲ, ಸ್ಪಿಂಡಲ್ ಅಂತಾರೆ, ಅದೊಂದನ್ನ ಲಾಕ್‌ನಲ್ಲೇ ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ಹಿಡ್ಕೊಂಡು ತಿರುಗಿಸಿ ಬಿಡಿ. ಬಾಗಿಲ ಅಂಚಿಂದ ಚಾಚಿರೋ ಲಾಕಿನ ನಾಲಿಗೆ ಟಕ್ ಅಂತ ಒಳಗೆ ಹೋಗಿ ಟಕ್ ಅಂತ ಹೊರಗೆ ಬಂದ್ರೆ ಲಾಕ್ ಬಾಡಿ ಚೆನ್ನಾಗಿದೆ, ಹ್ಯಾಂಡಲ್ ಜೋಡಿ ಮಾತ್ರ ತಂದ್ರೆ ಸಾಕು. ನಾಲಿಗೆ ಸೋಮಾರಿ ಥರ ನಿಧಾನಕ್ಕೆ ಬಂದ್ರೆ, ಅಥವಾ ಬರ್ಲೇ ಇಲ್ಲ ಅಂದ್ರೆ, ಆಗ ಬಾಡಿನೂ ಬೇಕು.

ಈ ಕೆಲಸ ಮಾಡುವಾಗ ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಡಿ. ಹ್ಯಾಂಡಲ್ ಇಲ್ಲದ ಬಾಗಿಲು ಗಾಳಿಗೆ ಧಡ್ ಅಂತ ಹಾಕ್ಕೊಂಡ್ರೆ ಒಳಗಿರೋರು ಒಳಗೇ. ಮನೇಲಿ ಮಕ್ಕಳಿದ್ರಂತೂ ಇದನ್ನ ಮರೀಲೇಬೇಡಿ.

ಇನ್ನು ಹೊಸ ತೂತಿನ ವಿಷಯ. ಅದಕ್ಕೆ ಒಪ್ಕೋಬೇಡಿ ಅಂತ ಗಟ್ಟಿಯಾಗಿ ಹೇಳ್ತೀನಿ. ಅಪಾರ್ಟ್‌ಮೆಂಟ್ ಒಳಬಾಗಿಲು ಬಹುತೇಕ ಫ್ಲಶ್ ಡೋರು, ಅಗ್ಗದವು ಆದ್ರೆ ಅಂಚಲ್ಲಿ ಮಾತ್ರ ಗಟ್ಟಿ ಮರ, ನಡುವೆ ಟೊಳ್ಳು, ಪಕ್ಕಪಕ್ಕ ತೂತು ಬಿದ್ದಷ್ಟೂ ಸ್ಕ್ರೂ ಹಿಡಿಯೋ ಜಾಗ ಕಮ್ಮಿ ಆಗುತ್ತೆ, ಮುಂದಿನ ಹ್ಯಾಂಡಲ್ ಇನ್ನೂ ಬೇಗ ಅಲುಗಾಡುತ್ತೆ. ಅದರ ಬದಲು ಹಳೇ ಅಳತೆಗೇ ಹೊಂದೋದು ಹುಡುಕಿ. ಸ್ಪಿಂಡಲ್ ನಡುವಿನಿಂದ ಕೀ ಹಾಕೋ ಸಿಲಿಂಡರ್ ನಡುವಿಗೆ ಎಷ್ಟು ಅಂತ ಅಳೀರಿ, ನಮ್ಮಲ್ಲಿ 85 ಮಿಮೀ ಇರೋದು ಜಾಸ್ತಿ ಆದ್ರೆ ಬೇರೆನೂ ಇವೆ. ಬಾಗಿಲ ಅಂಚಿಂದ ಸ್ಪಿಂಡಲ್ ನಡುವಿಗೆ ಎಷ್ಟು, ಬಾಗಿಲ ದಪ್ಪ ಎಷ್ಟು, ಪ್ಲೇಟಿನ ಉದ್ದ ಅಗಲ ಎಷ್ಟು, ಇವನ್ನೂ ಬರ್ಕೊಳ್ಳಿ, ಹೊಸ ಪ್ಲೇಟ್ ಹಳೇದಕ್ಕಿಂತ ಚಿಕ್ಕದಾದ್ರೆ ಹಳೇ ಪೇಂಟಿನ ಗುರುತು, ತೂತು ಎಲ್ಲಾ ಹೊರಗೆ ಕಾಣುತ್ತೆ. ಇದಕ್ಕಿಂತ ಸುಲಭ ಅಂದ್ರೆ ಹಳೇ ಹ್ಯಾಂಡಲ್ಲು, ಲಾಕ್ ಬಾಡಿ ಎರಡನ್ನೂ ಚೀಲಕ್ಕೆ ಹಾಕ್ಕೊಂಡು ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳ ಕಡೆ ಹೋಗಿ, ಒಂದರ ಪಕ್ಕ ಒಂದು ಇಟ್ಟು ನೋಡಿ ತಗೊಳ್ಳಿ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ತರಿಸಿದ್ರೆ ತೂತು ಹೊಂದುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಪ್ರಶ್ನೆ: ಮಳೆಗಾಲ ಶುರುವಾಯ್ತು ಅಂದ್ರೆ ನಮ್ಮ ಹಿತ್ಲ ಬಾಗ್ಲ ಚಿಲಕ ಬೀಳೂದೇ ಇಲ್ಲ, ಭುಜ ಕೊಟ್ಟು ದೂಡ್ಬೇಕು. ಬೇಸಿಗೇಲಿ ಸರಿ ಇರ್ತದೆ. ಚಿಲಕ ಬದಲಾಯ್ಸದಾ, ಬಾಗ್ಲಿಗೆ ಹತ್ತರಿ ಹೊಡೆಸದಾ? – ಗೃಹಿಣಿ, ಸಾಗರ

ಉತ್ತರ: ಮಳೆ ಇರೋವಾಗ ಎರಡೂ ಬೇಡ ತಾಯಿ. ಮರ ನೀರು ಕುಡಿದಾಗ ಅಡ್ಡಕ್ಕೆ ಉಬ್ಬುತ್ತೆ, ಉದ್ದಕ್ಕೆ ಉಬ್ಬೋದು ತೀರಾ ಕಮ್ಮಿ, ಅದಕ್ಕೇ ಬಾಗಿಲು ಚಿಲಕದ ಕಡೆ ಕಚ್ಕೊಳ್ಳೋದು. ಆಷಾಢದಲ್ಲಿ ಹತ್ತರಿ ಹೊಡೆಸಿದ್ರೆ ಬೇಸಿಗೇಲಿ ಅಷ್ಟು ಅಗಲ ಸಂದಿ ಬಿಟ್ಟು ಹಲ್ಲಿ ಜಿರಳೆ ಎಲ್ಲಾ ಒಳಗೆ ಬರುತ್ತೆ.

ಆದ್ರೆ ಎಲ್ಲಾ ತಪ್ಪೂ ಮಳೇದೇ ಅಂತನೂ ಅಲ್ಲ. ಬಾಗಿಲನ್ನ ಅರ್ಧ ತೆಗೆದು ಹಿಡಿ ಹಿಡ್ಕೊಂಡು ಮೇಲಕ್ಕೆ ಎತ್ತಿ ನೋಡಿ, ಕುಲುಕಾಡಿದ್ರೆ ಮೇಲಿನ ಹಿಂಜಿನ ಸ್ಕ್ರೂ ಸಡಿಲ ಆಗಿ ಬಾಗಿಲು ಜಗ್ಗಿದೆ ಅಂತ. ಹಂಗಿದ್ರೆ ಎಷ್ಟು ಚಿಲಕ ಬದಲಾಯಿಸಿದ್ರೂ ವ್ಯರ್ಥ, ಹೊಸ ಚಿಲಕನೂ ಅದೇ ಥರ ಉಜ್ಜಿ ಉಜ್ಜಿ ಸವೆಯುತ್ತೆ. ಸ್ಕ್ರೂ ಬಿಚ್ಚಿ, ಆ ತೂತಿಗೆ ಬಿದಿರಿನ ಕಡ್ಡಿಗೆ ಫೆವಿಕಾಲ್ ಹಚ್ಚಿ ಬಿಗಿಯಾಗಿ ತುಂಬಿ, ಒಂದು ರಾತ್ರಿ ಒಣಗಲಿಕ್ಕೆ ಬಿಡಿ, ಬೆಳಗ್ಗೆ ಮಟ್ಟಕ್ಕೆ ಕತ್ತರಿಸಿ ಸಣ್ಣ ಡ್ರಿಲ್ ಹಾಕಿ ಸ್ಕ್ರೂ ತಿರುಗಿಸಿ. ಉರಿದು ಉಳಿದ ಊದುಬತ್ತಿ ಕಡ್ಡಿ ತೊಳೆದು ಒಣಗಿಸಿದ್ರೆ ಇದಕ್ಕೆ ಚೆನ್ನಾಗಿ ಆಗುತ್ತೆ. ಚೌಕಟ್ಟಿನ ಕಡೆಗೆ ಹಳೇದಕ್ಕಿಂತ ಉದ್ದದ ಸ್ಕ್ರೂ ಹಾಕಿದ್ರೆ ಇನ್ನೂ ಒಳ್ಳೇದು, ಒಳಗಿನ ಗಟ್ಟಿ ಮರಕ್ಕೆ ಹೋಗಿ ಕಚ್ಕೊಳ್ಳುತ್ತೆ.

ಇಷ್ಟಾದ್ಮೇಲೂ ಬೀಳದಿದ್ರೆ ಚಿಲಕದ ತುದಿಗೆ ಒಂಚೂರು ಎಣ್ಣೆ ಕುಂಕುಮ ಹಚ್ಚಿ ಬಾಗಿಲು ಹಾಕಿ ಚಿಲಕ ದೂಡಿ. ಚೌಕಟ್ಟಿನ ತಗಡಿನ ಮೇಲೆ ಕೆಂಪು ಎಲ್ಲಿ ಬಿತ್ತೋ ಅಲ್ಲಿ ತಗುಲ್ತಾ ಇದೆ, ಆ ಕಡೆ ಅರದಲ್ಲಿ ಸ್ವಲ್ಪ ಉಜ್ಜಿ ತೂತು ದೊಡ್ಡದು ಮಾಡಿ, ಒಂದೆರಡು ಮಿಲಿಮೀಟರ್ ಸಾಕಾಗುತ್ತೆ. ಅದಕ್ಕಿಂತ ಜಾಸ್ತಿ ಬೇಕು ಅನ್ಸಿದ್ರೆ ತಗಡನ್ನೇ ಸರಿಸಿ ಹಾಕಿ. ಬೇಸಿಗೆ ಬಂದು ಮರ ಪೂರ್ತಿ ಒಣಗಿದ ಮೇಲೂ ಅಂಚು ಉಜ್ಜೋ ಗುರುತು ಇದ್ರೆ ಆಗ ತೆಳ್ಳಗೆ ಹತ್ತರಿ ಹೊಡೆಸಿ, ಹೊಡೆಸಿದ ದಿನಾನೇ ಅಂಚಿಗೂ, ಬಾಗಿಲಿನ ತಲೆ ಮತ್ತು ಬುಡಕ್ಕೂ ಪೇಂಟ್ ಹಚ್ಚಿಸಿ. ಬಾಗಿಲ ಮುಂಭಾಗಕ್ಕೆ ಮಿರಮಿರ ಪಾಲಿಶ್ ಹೊಡೆದು ತಲೆ ಬುಡ ಹಂಗೇ ಬಿಟ್ಟಿರ್ತಾರೆ, ನೀರು ಕುಡಿಯೋದೇ ಅಲ್ಲಿಂದ.

ಪ್ರಶ್ನೆ: ಸಮುದ್ರದ ಹತ್ತಿರ ನಮ್ಮ ಮನೆ ಉಂಟು. ಕ್ರೋಮಿನ ಹ್ಯಾಂಡಲ್ ಎರಡೇ ಮಳೆಗಾಲಕ್ಕೆ ಸಿಪ್ಪೆ ಎದ್ದು ಹೋಯ್ತು. ಮತ್ತೆ ಸ್ಟೀಲಿನದ್ದು ತಂದದ್ದು, ಅಂಗಡಿಯವರು ಅಯಸ್ಕಾಂತ ಹಿಡಿದು ಅಂಟುದಿಲ್ಲ ನೋಡಿ, ಒಳ್ಳೆ ಸ್ಟೀಲು ಅಂದ್ರು. ಅದಕ್ಕೂ ಈಗ ಕಂದು ಚುಕ್ಕಿ ಬಂದಿದೆ ಮಾರಾಯ್ರೆ. – ಓದುಗರು, ಉಡುಪಿ

ಉತ್ತರ: ಅಯಸ್ಕಾಂತದ ಪರೀಕ್ಷೆ ನಂಬಬೇಡಿ. 202 ಅನ್ನೋ ಅಗ್ಗದ ಸ್ಟೇನ್‌ಲೆಸ್ ಸ್ಟೀಲಿಗೂ ಅಯಸ್ಕಾಂತ ಅಂಟಲ್ಲ, 304ಕ್ಕೂ ಅಂಟಲ್ಲ. 202ರಲ್ಲಿ ನಿಕ್ಕಲ್ ಕಮ್ಮಿ ಮಾಡಿ ಅದರ ಬದಲು ಮ್ಯಾಂಗನೀಸ್ ಹಾಕಿರ್ತಾರೆ, ಕ್ರೋಮಿಯಂ ಕೂಡ 304ಕ್ಕಿಂತ ಸ್ವಲ್ಪ ಕಮ್ಮಿ, ಉಪ್ಪು ಗಾಳಿಗೆ ಬೇಗ ಚುಕ್ಕಿ ಬೀಳುತ್ತೆ. ಒಳಬಾಗಿಲಿಗೆ 304 ಸಾಕು. ಕಡಲಿಗೆ ಮುಖ ಮಾಡಿರೋ ಮುಂಬಾಗಿಲಿಗೆ, ಗೇಟಿಗೆ ದುಡ್ಡು ಹೋದ್ರೂ ಪರವಾಗಿಲ್ಲ 316 ಕೇಳಿ, ಅದರಲ್ಲಿ ಮಾಲಿಬ್ಡಿನಂ 2ರಿಂದ 3 ಪರ್ಸೆಂಟ್ ಇರುತ್ತೆ, ಉಪ್ಪನ್ನ ತಡೆಯೋದು ಅದೇ. ಗ್ರೇಡ್ ನಂಬರನ್ನ ಬಿಲ್ಲಿನಲ್ಲಿ ಬರೆಸ್ಕೊಳ್ಳಿ, ಬರೆಯಲ್ಲ ಅಂದ್ರೆ ಬೇರೆ ಅಂಗಡಿ ನೋಡಿ.

ಸ್ಕ್ರೂ ಕೂಡ ಅದೇ ಸ್ಟೀಲಿಂದೇ ಇರ್ಬೇಕು. ಒಳ್ಳೇ ಹ್ಯಾಂಡಲ್‌ಗೆ ಕಬ್ಬಿಣದ ಸ್ಕ್ರೂ ಹೊಡೆದು ಹೋಗಿರ್ತಾರೆ, ಸ್ಕ್ರೂ ತುಕ್ಕು ಹಿಡಿದು ಇಳಿದು ಹ್ಯಾಂಡಲ್ಲೇ ಕೆಟ್ಟಿದೆ ಅನ್ನೋ ಹಾಗೆ ಕಾಣುತ್ತೆ. ವಾರಕ್ಕೊಂದ್ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಒಣಬಟ್ಟೆಯಲ್ಲಿ ಒರೆಸೋದು ರೂಢಿ ಮಾಡ್ಕೊಳ್ಳಿ, ಕೂತ ಉಪ್ಪು ಹೋದ್ರೆ ಅರ್ಧ ಕಾಟ ಹೋಯ್ತು.

ಪ್ರಶ್ನೆ: ನಮ್ಮದು ಅಜ್ಜಾರ ಕಾಲದ ಮನಿ ರೀ. ತಲಬಾಗಲಕ್ಕ ಹಿತ್ತಾಳಿ ಬಳಿ, ಹಿತ್ತಾಳಿ ಚಿಲಕ ಅದಾವ. ಸ್ಕ್ರೂ ಸಡ್ಲಾಗಿ ಚಿಲಕ ಅಲಗಾಡತೈತಿ. ಹುಡುಗ್ರು ಕಿತ್ತು ಹೊಸಾದು ಹಾಕೋಣು ಅಂತಾರ, ನನಗ ಮನಸ್ಸಾಗವಲ್ದು. ಉಳಿಸ್ಕೊಳ್ಳಾಕ ಬರತೈತೇನ್ರಿ? – ಹಿರಿಯ ಓದುಗರು, ಧಾರವಾಡ

ಉತ್ತರ: ಖಂಡಿತ ಬರುತ್ತೆ ಯಜಮಾನ್ರೇ, ದಯವಿಟ್ಟು ಕೀಳಿಸಬೇಡಿ. ಎರಕದ ಗಟ್ಟಿ ಹಿತ್ತಾಳೆ ಅದು, ಈಗ ಅಂಗಡೀಲಿ ಹಿತ್ತಾಳೆ ಬಣ್ಣದಲ್ಲಿ ಸಿಗೋದು ಎಷ್ಟೋ ಸಲ ಒಳಗೆ ಸತುವಿನ ಮಿಶ್ರಲೋಹ, ಮೇಲೆ ಬರೀ ಲೇಪ. ನಿಮ್ಮ ಚಿಲಕ ಕೆಟ್ಟಿಲ್ಲ, ಅದನ್ನ ಹಿಡ್ಕೊಂಡಿರೋ ಸ್ಕ್ರೂ, ತೂತು ಕೆಟ್ಟಿವೆ ಅಷ್ಟೇ.

ಹಳೇ ಸ್ಕ್ರೂ ಬಿಚ್ಚೋದೇ ಇಲ್ಲಿ ನಾಜೂಕಿನ ಕೆಲಸ. ತಲೆಯ ಗೀರಿನಲ್ಲಿ ತುಂಬಿರೋ ಪೇಂಟು, ಕೊಳೆ ಎಲ್ಲಾ ಮೊಳೆಯಿಂದ ಕೆರೆದು ತೆಗೆಸಿ, ಗೀರಿನ ಅಗಲಕ್ಕೆ ಸರಿಯಾಗಿ ಕೂರೋ ಸ್ಕ್ರೂಡ್ರೈವರೇ ಬೇಕು. ಮೊದ್ಲು ಒಂಚೂರು ಬಿಗಿ ಮಾಡೋ ಕಡೆ ತಿರುಗಿಸಿ ಆಮೇಲೆ ಬಿಚ್ಚೋ ಕಡೆ. ಬರ್ಲಿಲ್ಲ ಅಂದ್ರೆ ಸ್ಕ್ರೂ ತಲೆಗೆ ಸಾಲ್ಡರಿಂಗ್ ಐರನ್ ಬಿಸಿ ಮುಟ್ಟಿಸಿ, ಆರಿದ್ಮೇಲೆ ಮತ್ತೆ ಪ್ರಯತ್ನ ಮಾಡಿ. ಬಿಚ್ಚಿದ ತೂತನ್ನ ಸಾಗರದವರಿಗೆ ಹೇಳಿದ ಹಾಗೆ ಕಡ್ಡಿ ಫೆವಿಕಾಲಿಂದ ತುಂಬಿಸಿ. ಹೊಸ ಹಿತ್ತಾಳೆ ಸ್ಕ್ರೂನ ನೇರವಾಗಿ ಸಾಗವಾನಿಗೆ ತಿರುಗಿಸಿದ್ರೆ ತಲೆ ಮುರಿದು ಕೈಗೆ ಬರುತ್ತೆ, ಹಿತ್ತಾಳೆ ಮೆದು. ಡ್ರಿಲ್ ಹಾಕಿ, ಅದೇ ಅಳತೆ ಸ್ಟೀಲ್ ಸ್ಕ್ರೂ ಒಂದ್ಸಲ ತಿರುಗಿಸಿ ತೆಗೆದು ದಾರಿ ಮಾಡ್ಕೊಂಡು, ಹಿತ್ತಾಳೆ ಸ್ಕ್ರೂಗೆ ಮೇಣದ ಬತ್ತಿ ಉಜ್ಜಿ ಆಮೇಲೆ ಹಾಕ್ಬೇಕು. ನಿಮ್ಮೂರಿನ ಹಳೇ ಬಡಿಗ್ಯಾರಿಗೆ ಇದೆಲ್ಲಾ ಗೊತ್ತಿರುತ್ತೆ, ಅವರನ್ನೇ ಕರೀರಿ. ಹುಣಸೆಹಣ್ಣು ಹಾಕಿ ತಿಕ್ಕೋದಾದ್ರೆ ಚಿಲಕ ಬಾಗಿಲಿಂದ ಬಿಚ್ಚಿರುವಾಗಲೇ ತಿಕ್ಕಿ ಚೆನ್ನಾಗಿ ತೊಳೆದು ಒಣಗಿಸಿಬಿಡಿ, ಹುಳಿ ಉಳಿದ್ರೆ ಮತ್ತೆ ಕಪ್ಪಾಗುತ್ತೆ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತು ದಾಟಿದೆ, ಬೆರಳಿನ ಗಂಟು ನೋವು. ಬಾತ್‌ರೂಮ್ ಬಾಗಿಲಿನ ಗುಂಡು ಹಿಡಿ ತಿರುಗಿಸೋಕಾಗಲ್ಲ. ಏನು ಹಾಕ್ಸೋದು? – ಓದುಗರು, ಮೈಸೂರು

ಉತ್ತರ: ಗುಂಡು ಹಿಡಿ ತೆಗೆಸಿ ಉದ್ದ ಹಿಡಿಯ ಲಿವರ್ ಹ್ಯಾಂಡಲ್ ಹಾಕ್ಸಿ, ಬೆರಳೇ ಬೇಡ, ಮೊಣಕೈಯಲ್ಲಿ ಒತ್ತಿದ್ರೂ ತೆಗೆಯುತ್ತೆ, ತುದಿ ಒಳಕ್ಕೆ ಬಾಗಿರೋದು ತಗೊಂಡ್ರೆ ಸೀರೆ ಸೆರಗು ಸಿಕ್ಕಾಕಿಕೊಳ್ಳಲ್ಲ. ಇದಕ್ಕಿಂತ ಮುಖ್ಯವಾದ್ದು ಒಳಗಡೆ ಟವರ್ ಬೋಲ್ಟ್, ಅಂದ್ರೆ ಸರಿಸಿ ಹಾಕೋ ಉದ್ದ ಚಿಲಕ ಇದ್ರೆ ಅದನ್ನ ಇವತ್ತೇ ತೆಗೆಸಿ. ಅವರು ಒಳಗೆ ಜಾರಿ ಬಿದ್ರೆ ಬಾಗಿಲು ಒಡೀದೆ ಬೇರೆ ದಾರಿ ಇರಲ್ಲ. ಬಾತ್‌ರೂಮಿಗೆ ಅಂತಲೇ ಬರೋ ಲಾಕ್‌ನಲ್ಲಿ ಒಳಗೆ ತಿರುಗಿಸೋ ಗುಬುಟು, ಹೊರಗಡೆ ಒಂದು ಗೀರು ಇರುತ್ತೆ, ನಾಣ್ಯ ಹಾಕಿ ತಿರುಗಿಸಿದ್ರೆ ಹೊರಗಿಂದ ತೆಗೀಬಹುದು. ಅಂಗಡೀಲೇ ಒಂದ್ಸಲ ತಿರುಗಿಸಿ ನೋಡಿ ತಗೊಳ್ಳಿ, ಮನೇಲಿರೋ ಎಲ್ಲರಿಗೂ ತೋರಿಸಿಡಿ.

ಪ್ರಶ್ನೆ: ಮುಂಬಾಗಿಲಿನ ಕೀ ತಿರುಗೋಕೆ ಬಿಗಿ. ಕೊಬ್ಬರಿ ಎಣ್ಣೆ ಬಿಟ್ವಿ, ಇನ್ನೂ ಬಿಗಿ ಆಯ್ತು. – ಓದುಗರು, ತುಮಕೂರು

ಉತ್ತರ: ಎಣ್ಣೆಗೆ ಧೂಳು ಅಂಟಿ ಒಳಗೆ ಜಿಡ್ಡಾಗಿದೆ. ಕೀ ಹಾಕೋ ತೂತಿಗೆ ಗ್ರಾಫೈಟ್ ಪುಡಿನೇ ಸರಿ, ಸಿಗದಿದ್ರೆ ಮೆತ್ತಗಿನ ಪೆನ್ಸಿಲ್ ಸೀಸವನ್ನ ಕೀಗೆ ಚೆನ್ನಾಗಿ ಉಜ್ಜಿ ಹತ್ತಾರು ಸಲ ಒಳಗೆ ಹೊರಗೆ ಆಡಿಸಿ. ಆದ್ರೆ ನಿಮ್ಮದರಲ್ಲಿ ಈಗಾಗ್ಲೇ ಜಿಡ್ಡು ಇರೋದ್ರಿಂದ ಸಿಲಿಂಡರ್ ಹೊರಗೆ ತೆಗೆದು ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿದ ಮೇಲೇ ಪುಡಿ ಹಾಕ್ಬೇಕು, ಮನೆ ಹೊರಗೆ, ಬೆಂಕಿಯಿಂದ ದೂರ ಕೂತು ಮಾಡಿ. ಸಿಲಿಂಡರ್ ತೆಗೆಯೋದು ಹಿಂಗೆ: ಬಾಗಿಲ ಅಂಚಲ್ಲಿ ಕೀ ತೂತಿನ ಮಟ್ಟಕ್ಕೇ ಇರೋ ಉದ್ದ ಸ್ಕ್ರೂ ಬಿಚ್ಚಿ, ಕೀ ಹಾಕಿ ಸ್ವಲ್ಪವೇ ತಿರುಗಿಸಿ ಎಳೀರಿ, ನಡುವಿನ ಕೊಕ್ಕೆ ಒಳಗೆ ಸರಿದಾಗ ಸಿಲಿಂಡರ್ ಜಾರಿ ಬರುತ್ತೆ. ತೊಳೆದ್ರೂ ಸರಿಹೋಗ್ಲಿಲ್ಲ ಅಂದ್ರೆ ಸಿಲಿಂಡರ್ ಒಂದೇ ಬದಲಾಯಿಸಿ, ಹ್ಯಾಂಡಲ್, ಬಾಡಿ ಮುಟ್ಟೋದೇ ಬೇಡ. ಕೊಳ್ಳುವಾಗ ಒಟ್ಟು ಉದ್ದ ಅಷ್ಟೇ ಅಲ್ಲ, ಸ್ಕ್ರೂ ತೂತಿಂದ ಆ ಕಡೆ ಎಷ್ಟು ಈ ಕಡೆ ಎಷ್ಟು ಅಂತಲೂ ಅಳೀರಿ, ಹೊರಗಡೆ ಪ್ಲೇಟ್‌ಗಿಂತ ಜಾಸ್ತಿ ಮುಂದಕ್ಕೆ ಚಾಚಿದ್ರೆ ಕಳ್ಳರು ಹಿಡಿದು ಮುರಿಯೋಕೆ ಅನುಕೂಲ ಆಗುತ್ತೆ.