ಅಮೆರಿಕದಲ್ಲಿರುವ ನೀವು ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ತೀರ್ಮಾನಕ್ಕೆ ಬಂದಿದ್ದು ಯಾಕೆ?

ಭಯಕ್ಕಾ, ಶೋಕಿಗಾ ಅಂತಲೂ ಕೇಳಿದ್ದೀರಿ. ಭಯಕ್ಕೇ. ಶೋಕಿ ಮಾಡಬೇಕು ಅಂದ್ರೆ ಅದು ಯಾರಿಗಾದರೂ ಕಾಣಬೇಕಲ್ವಾ? ನನ್ನದು 2020ರಿಂದ ಬಲ ಸೊಂಟದಲ್ಲಿದೆ. ನನ್ನ ಗಂಡ, ಮಗನನ್ನು ಬಿಟ್ಟರೆ ಈ ಊರಲ್ಲಿ ಗೊತ್ತಿರುವವರು ಇಬ್ಬರೋ ಮೂವರೋ.

ನಾವಿರುವುದು ವೆಸ್ಟ್ ಟೆಕ್ಸಾಸ್‌ನಲ್ಲಿ, ಅಬಿಲೀನ್‌ನಿಂದ ಮುಕ್ಕಾಲು ಗಂಟೆ ದೂರ. ಹೈವೇ ಪಕ್ಕ ಒಂದು ಚಿಕ್ಕ ಗ್ಯಾಸ್ ಸ್ಟೇಷನ್, ಅಂದ್ರೆ ನಮ್ಮ ಪೆಟ್ರೋಲ್ ಬಂಕ್. ನಾಲ್ಕು ಪಂಪು, ಒಂದು ಅಂಗಡಿ, ಹಿಂದೆ ಬಿಯರ್ ಇಡುವ ದೊಡ್ಡ ಕೂಲರ್. ಸುತ್ತ ಹತ್ತಿ ಹೊಲ, ಕಣ್ಣು ಹಾಯುವಷ್ಟು ದೂರ ಗಾಳಿಯಂತ್ರಗಳು. ರಾತ್ರಿ ಅವುಗಳ ತಲೆ ಮೇಲಿನ ಕೆಂಪು ದೀಪಗಳೆಲ್ಲ ಒಟ್ಟಿಗೆ ಹತ್ತುತ್ತವೆ, ಒಟ್ಟಿಗೆ ಆರುತ್ತವೆ. ಹೊಸದರಲ್ಲಿ ಅದು ನನಗೆ ಚಂದ ಕಾಣುತ್ತಿತ್ತು.

2019ರ ನವೆಂಬರ್. ಗಂಡ ಮಗನನ್ನು ಕರೆದುಕೊಂಡು ಡಲ್ಲಾಸ್‌ಗೆ ಹೋಗಿದ್ದರು. ಹನ್ನೊಂದಕ್ಕೆ ಬಾಗಿಲು ಹಾಕಬೇಕು. ಹತ್ತೂ ಕಾಲಿನ ಹೊತ್ತಿಗೆ ಒಂದು ಪಿಕಪ್ ಬಂದು ಮೂರನೇ ಪಂಪಿನ ಹತ್ತಿರ ನಿಂತಿತು. ದೀಪ ಆರಿಸಿದ. ಇಳಿಯಲಿಲ್ಲ. ಪೆಟ್ರೋಲೂ ಹಾಕಿಸಿಕೊಳ್ಳಲಿಲ್ಲ. ಫೋನಲ್ಲಿ ಮಾತಾಡ್ತಿರಬೇಕು ಅಂದುಕೊಂಡೆ. ಇಪ್ಪತ್ತು ನಿಮಿಷ ಆಯ್ತು. ಅಂಗಡಿಯಲ್ಲಿದ್ದ ಕೊನೆಯ ಗಿರಾಕಿ ಹೊರಟ ತಕ್ಷಣ ಪಿಕಪ್ಪಿನ ಬಾಗಿಲು ತೆರೆಯಿತು. ನಾನು ಓಡಿ ಹೋಗಿ ಒಳಗಿನಿಂದ ಚಿಲಕ ತಿರುಗಿಸಿದೆ. ಅವನು ಬಂದು ಹಿಡಿಕೆ ಎಳೆದ. ಮತ್ತೆ ಎಳೆದ. ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದ. ಏನೂ ಮಾತಾಡಲಿಲ್ಲ. ಆಮೇಲೆ ಕಟ್ಟಡದ ಹಿಂದಕ್ಕೆ ನಡೆದ. ಹಿಂದೆ ಇನ್ನೊಂದು ಬಾಗಿಲಿದೆ. ಅದಕ್ಕೆ ಬೀಗ ಹಾಕಿದ್ದೆನಾ ಇಲ್ಲವಾ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಕೂಲರ್ ಒಳಗೆ ಹೋಗಿ ನಿಂತೆ. 911ಕ್ಕೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಒಳ್ಳೆಯವಳು, ಲೈನಲ್ಲೇ ಇರಿ ಅಂದಳು. ಡೆಪ್ಯುಟಿ, ಅಂದ್ರೆ ಇಲ್ಲಿನ ಪೊಲೀಸ್, ಹೊರಟಿದ್ದಾರೆ, ಆದರೆ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಆ ತುದಿಯಲ್ಲಿದ್ದಾರೆ ಅಂದಳು. ಬಿಯರ್ ಡಬ್ಬಗಳ ಮಧ್ಯೆ, ಮಂಜಿನ ಹತ್ತಿರದ ಚಳಿಯಲ್ಲಿ, ತೆಳ್ಳನೆ ಕುರ್ತಾ ಹಾಕಿಕೊಂಡು 37 ನಿಮಿಷ ನಿಂತಿದ್ದೆ. ಫೋನಿನಲ್ಲೇ ಲೆಕ್ಕ ಸಿಗುತ್ತದೆ, ಕಾಲ್ ಎಷ್ಟು ಹೊತ್ತು ನಡೆಯಿತು ಅಂತ. ಕೂಲರಿನ ಗಾಜಿನ ಬಾಗಿಲುಗಳಿಂದ ಅಂಗಡಿ ಕಾಣುತ್ತದೆ, ಅದರಾಚೆ ಕಿಟಕಿ, ಅದರಾಚೆ ಆ ಕೆಂಪು ದೀಪಗಳು. ಹತ್ತೋದು, ಆರೋದು.

ಏನೂ ಆಗಲಿಲ್ಲ. ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದೆ. ಅವನು ಯಾವಾಗಲೋ ಹೊರಟುಹೋಗಿದ್ದ. ಬಂದ ಡೆಪ್ಯುಟಿ ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ತಡವಾಯ್ತು ಅಂತ ಅವನೇ ಮುಜುಗರ ಪಟ್ಟುಕೊಂಡ. ಆ ರಾತ್ರಿ ಇಡೀ ಕೌಂಟಿಗೆ ಇಬ್ಬರೇ ಡ್ಯೂಟಿಯಲ್ಲಿದ್ದರಂತೆ. ಕಾಫಿ ಕುಡಿದು ಹೊರಡುವಾಗ, ‘ಮೇಡಂ, ನಾನು ನೀವಾಗಿದ್ದರೆ ಏನಾದರೂ ಇಟ್ಟುಕೊಂಡಿರುತ್ತಿದ್ದೆ’ ಅಂದ. ಏನು ಅಂತ ಬಿಡಿಸಿ ಹೇಳಲಿಲ್ಲ. ಈ ಕಡೆ ಹೇಳಬೇಕಾಗಿಲ್ಲ.

ಇಲ್ಲಿ ನನ್ನ ತವರಿನ ಮಾತು ಹೇಳಬೇಕು. ನಾನು ಕೊಡಗಿನವಳು, ವಿರಾಜಪೇಟೆ ಕಡೆ. ನಮ್ಮಲ್ಲಿ ಕೋವಿ ಅಂದ್ರೆ ಮನೆಯಲ್ಲಿ ಒಬ್ಬರು ಜಾಸ್ತಿ ಇದ್ದ ಹಾಗೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಜಮ್ಮಾ ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಮೀನು) ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ. ನಾಟಿ ಕೆಲಸ ಮುಗಿದಿರುತ್ತದೆ. ಕೋವಿ, ಕತ್ತಿ ಎಲ್ಲ ತೊಳೆದು ಒರೆಸಿ, ಗಂಧ ಇಟ್ಟು, ತೋಕ್ ಪೂ ಮುಡಿಸುತ್ತೇವೆ. ತೋಕ್ ಅಂದ್ರೆ ಕೋವಿ, ಪೂ ಅಂದ್ರೆ ಹೂವು. ಆಮೇಲೆ ಕಡಂಬುಟ್ಟು, ಅಂದ್ರೆ ಅಕ್ಕಿ ಉಂಡೆ, ಹಂದಿ ಸಾರು, ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ನಾನು ಹುಟ್ಟಿದಾಗ ಯಾರೂ ಹೊಡೆಯಲಿಲ್ಲ. ಆ ಲೆಕ್ಕ ಅಮ್ಮನ ಹತ್ತಿರ ಈಗಲೂ ಕೇಳುತ್ತಿರುತ್ತೇನೆ.

ಹಾಗಾಗಿ ಕೋವಿ ನನಗೆ ಹೊಸದಲ್ಲ. ಹೊಸದಾಗಿದ್ದು ಬಚ್ಚಿಡೋದು. ನಮ್ಮಲ್ಲಿ ಅದು ಗೋಡೆ ಮೇಲಿರುತ್ತದೆ, ಬಂದವರಿಗೆಲ್ಲ ಕಾಣುತ್ತದೆ. ಗುಂಡು ಹೊಡೆಯೋದೇ ಊರಿಗೆಲ್ಲ ಕೇಳಲಿ ಅಂತ. ಸೊಂಟದಲ್ಲಿ ಮುಚ್ಚಿಟ್ಟುಕೊಂಡು ಎದುರಿಗಿದ್ದವರ ಜೊತೆ ನಗುತ್ತಾ ಮಾತಾಡೋದು ಅಂದ್ರೆ, ಮೊದಲ ಆರು ತಿಂಗಳು ನನಗೆ ಕಳ್ಳತನ ಮಾಡಿದ ಹಾಗೇ ಅನಿಸುತ್ತಿತ್ತು.

ಹಾಗಾದರೆ ಕಾಣುವ ಹಾಗೇ ಇಟ್ಟುಕೊಳ್ಳಬಹುದಿತ್ತಲ್ಲ ಅಂತೀರಾ? ಟೆಕ್ಸಾಸ್‌ನಲ್ಲಿ 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರಿಗೆ ಅದಕ್ಕೂ ಅವಕಾಶವಿದೆ. ಆದರೆ ನನ್ನದು ಕೌಂಟರ್ ಹಿಂದಿನ ಕೆಲಸ. ಬೆಳಿಗ್ಗೆ ಸ್ಕೂಲ್ ಮಕ್ಕಳು ಡೋನಟ್ ತಗೊಳ್ಳೋಕೆ ಬರುತ್ತಾರೆ. ಅವರ ಕಣ್ಣಿನ ಎತ್ತರಕ್ಕೇ ನನ್ನ ಸೊಂಟ. ದೋಚೋಕೆ ಬಂದವನಿಗೂ ಮೊದಲು ಕಾಣೋದು ಅದೇ, ಮೊದಲು ಹೊಡೆಯೋದೂ ನನಗೇ. ಬೇಡ ಅನಿಸಿತು.

2020ರ ಫೆಬ್ರುವರಿಯಲ್ಲಿ ಲೈಸೆನ್ಸಿನ ಕ್ಲಾಸಿಗೆ ಹೋದೆ. ಅರ್ಧ ದಿನ ಪಾಠ, ಬರೆಯುವ ಪರೀಕ್ಷೆ, ಆಮೇಲೆ ಗುರಿ. 50 ಗುಂಡು: ಮೂರು ಗಜದಿಂದ 20, ಏಳು ಗಜದಿಂದ 20, ಹದಿನೈದು ಗಜದಿಂದ 10. ಒಟ್ಟು 250 ಅಂಕ, ಪಾಸಾಗೋಕೆ 175. ನನಗೆ 231 ಬಂತು. ಪಕ್ಕದಲ್ಲಿದ್ದ ಅಜ್ಜ ‘ಎಲ್ಲಿ ಕಲಿತೆ?’ ಅಂದರು. ತೆಂಗಿನಕಾಯಿ ಅಂದೆ. ಅವರಿಗೆ ಅರ್ಥ ಆಗಲಿಲ್ಲ.

ಪಾಠ ಹೇಳಿದವರು ಸುಝಾನಾ ಹಪ್ ಅವರ ಕಥೆ ಹೇಳಿದರು. ಟೆಕ್ಸಾಸ್‌ನಲ್ಲಿ ಈ ವಿಷಯ ಬಂದರೆ ಆ ಹೆಸರು ಬಂದೇ ಬರುತ್ತದೆ. 1991ರ ಅಕ್ಟೋಬರ್ 16, ಕಿಲೀನ್ ಊರಿನ ಕೆಫೆಟೇರಿಯಾ. ಒಬ್ಬ ಕಿಟಕಿ ಒಡೆದು ಟ್ರಕ್ ಒಳಗೇ ನುಗ್ಗಿಸಿ, ಗುಂಡು ಹಾರಿಸಿ 23 ಜನರನ್ನು ಕೊಂದ. ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದ ಸುಝಾನಾ ಬ್ಯಾಗಿಗೆ ಕೈ ಹಾಕಿದರು. ರಿವಾಲ್ವರ್ ಅಲ್ಲಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಜೊತೆಗೆ ಒಯ್ಯುವ ಹಾಗಿರಲಿಲ್ಲ ಅಂತ ಕಾರಿನಲ್ಲೇ ಬಿಟ್ಟು ಬಂದಿದ್ದರು. ಅಪ್ಪ ಅಮ್ಮ ಇಬ್ಬರೂ ಸತ್ತರು. 1995ರಲ್ಲಿ ಜಾರ್ಜ್ ಬುಷ್ ಗವರ್ನರ್ ಆಗಿದ್ದಾಗ, ಲೈಸೆನ್ಸ್ ಪಡೆದು ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಬಹುದು ಅನ್ನುವ ಕಾನೂನು ಬಂತು. ಮರು ವರ್ಷ ಸುಝಾನಾ ಟೆಕ್ಸಾಸ್ ಶಾಸನಸಭೆಗೆ ಗೆದ್ದರು. ಕ್ಲಾಸಿನಲ್ಲಿ ಎಲ್ಲರೂ ಗಟ್ಟಿಯಾಗಿ ತಲೆ ಆಡಿಸಿದರು. ನನಗೆ ಮಾತ್ರ, ಅಷ್ಟು ಗಲಾಟೆ ಹೊಗೆಯಲ್ಲಿ ನಾನಾಗಿದ್ದರೆ ಯಾರಿಗೆ ಹೊಡೆಯುತ್ತಿದ್ದೆನೋ ಅನಿಸಿತು. ನನ್ನ ಕಾರಣ ಅಷ್ಟು ದೊಡ್ಡದಲ್ಲ. ನನ್ನದು 37 ನಿಮಿಷದ ಕಾರಣ.

ಆ ಕ್ಲಾಸಲ್ಲಿ ಕೇಳಿದ ಒಂದು ಮಾತು ಮಾತ್ರ ಗಂಟು ಹಾಕಿ ಇಟ್ಟುಕೊಂಡೆ. ಪ್ರತಿ ಗುಂಡಿನ ಬಾಲಕ್ಕೂ ಒಬ್ಬ ವಕೀಲ ಅಂಟಿಕೊಂಡಿರುತ್ತಾನೆ ಅಂತ ಇಲ್ಲಿಯವರು ಹೇಳುತ್ತಾರೆ. ಟೆಕ್ಸಾಸ್ ಕಾನೂನು ವಿಚಿತ್ರ. ರಾತ್ರಿ ಹೊತ್ತು ಕಳ್ಳತನ ತಡೆಯೋಕೂ ಕೆಲವು ಸಂದರ್ಭದಲ್ಲಿ ಗುಂಡು ಹಾರಿಸಬಹುದು ಅನ್ನುತ್ತದೆ. ನಾನೂ ಗಂಡನೂ ಅವತ್ತೇ ಮಾತಾಡಿಕೊಂಡೆವು: ದುಡ್ಡಿಗೆ ಇಲ್ಲ. ಗಲ್ಲಾಪೆಟ್ಟಿಗೆ ಬೇಕಾ, ತಗೊಂಡು ಹೋಗಲಿ. ಪೆಟ್ರೋಲ್ ಹಾಕಿಸಿಕೊಂಡು ದುಡ್ಡು ಕೊಡದೆ ಓಡಿಹೋದನಾ, ಹೋಗಲಿ. ಮೊದಲೆಲ್ಲ ನಾನು ಹೊರಗೆ ಓಡಿ ನಂಬರ್ ಪ್ಲೇಟ್ ನೋಡಿ ಕೂಗಾಡುತ್ತಿದ್ದೆ. ಈಗ ಅದೂ ಇಲ್ಲ. ಸೊಂಟದಲ್ಲಿ ಅದಿದ್ದಾಗ ಜಗಳಕ್ಕೆ ಹೋಗೋ ಹಾಗೇ ಇಲ್ಲ. ರಸ್ತೆಯಲ್ಲಿ ಹಾರ್ನ್ ಮಾಡೋದನ್ನೂ ಬಿಟ್ಟಿದ್ದೇನೆ. ಇದುವರೆಗೆ ಒಂದು ಸಲವೂ ಹೊರಗೆ ತೆಗೆದಿಲ್ಲ.

ಬಟ್ಟೆಯ ವಿಷಯ ಯಾರೂ ಹೇಳಿಕೊಡಲ್ಲ. ನನ್ನದು ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಈಝಡ್, ಪಾಯಿಂಟ್ 380. ಕೈಯಲ್ಲಿ ಬಲ ಕಮ್ಮಿ ಇರುವವರಿಗೂ ಮೇಲಿನ ಸ್ಲೈಡ್ ಎಳೆಯೋಕೆ ಸುಲಭ, ಅದಕ್ಕೇ ತಗೊಂಡೆ. ಖಾಲಿ ಇದ್ದರೂ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ. ಚೂಡಿದಾರದ ಲಾಡಿಗೆ ಅದು ನಿಲ್ಲಲ್ಲ! ಗಟ್ಟಿ ಬೆಲ್ಟ್ ಬೇಕು, ಬೆಲ್ಟಿಗೆ ಪ್ಯಾಂಟ್ ಬೇಕು, ಮೇಲೆ ಸಡಿಲ ಅಂಗಿ ಬೇಕು. ಬಗ್ಗಿದಾಗ ಅಂಗಿಯ ಮೇಲೆ ಅದರ ಆಕಾರ ಮೂಡಿದರೆ ಇಲ್ಲಿ ‘ಪ್ರಿಂಟ್ ಆಗ್ತಿದೆ’ ಅಂತಾರೆ. ಕೆಳಗಿನ ಶೆಲ್ಫಿಗೆ ಚಿಪ್ಸ್ ಜೋಡಿಸುವಾಗ ಬಗ್ಗೋದು ಬಿಟ್ಟು ಕುಕ್ಕರಗಾಲಲ್ಲಿ ಕೂರೋದು ಅಭ್ಯಾಸ ಮಾಡಿಕೊಂಡೆ. ಸೀರೆ ಉಟ್ಟ ದಿನ ಮನೆಯಲ್ಲೇ ಬಿಡುತ್ತೇನೆ. ಕನ್ನಡ ಸಂಘದ ಯುಗಾದಿ ಸ್ಕೂಲ್ ಆಡಿಟೋರಿಯಂನಲ್ಲಿ ನಡೆದರೆ, ಸ್ಕೂಲ್ ಒಳಗೆ ಒಯ್ಯುವ ಹಾಗಿಲ್ಲ, ಕಾರಿನ ಲಾಕರಿನಲ್ಲೇ ಇರಬೇಕು. ದೇವಸ್ಥಾನಕ್ಕೂ ಒಯ್ಯಲ್ಲ. ಅದು ಕಾನೂನಲ್ಲ, ನಂದೇ.

ಪೊಲೀಸರು ಕಾರು ನಿಲ್ಲಿಸಿದಾಗ ಮಾತ್ರ ನನಗೆ ಈಗಲೂ ಕೈ ತಣ್ಣಗಾಗುತ್ತದೆ. ಗುರುತಿನ ಚೀಟಿ ಕೇಳಿದರೆ ಈ ಲೈಸೆನ್ಸನ್ನೂ ಜೊತೆಗೆ ಕೊಡಬೇಕು. 2016ರ ಜುಲೈನಲ್ಲಿ ಮಿನ್ನೆಸೋಟದಲ್ಲಿ ಫಿಲಾಂಡೋ ಕ್ಯಾಸ್ಟಿಲ್ ಎಂಬ ಕಪ್ಪು ಯುವಕ, ತನ್ನ ಹತ್ತಿರ ಗನ್ ಇದೆ ಅಂತ ತಾನೇ ಪೊಲೀಸನಿಗೆ ಹೇಳಿದ. ಅವನಿಗೆ ಪರ್ಮಿಟ್ ಇತ್ತು. ಆದರೂ ಸೀಟಿನಲ್ಲೇ ಗುಂಡು ತಿಂದು ಸತ್ತ. ನನ್ನ ಬಣ್ಣ ಬಿಳಿಯಲ್ಲ, ನನ್ನ ಇಂಗ್ಲಿಷ್ ಉಚ್ಚಾರ ವಿರಾಜಪೇಟೆಯದು. ಒಂದು ರಾತ್ರಿ ಹಿಂದಿನ ದೀಪ ಹೋಗಿದೆ ಅಂತ ನಿಲ್ಲಿಸಿದರು. ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು, ಮೊದಲು ಹೇಳಿ, ಅವರು ಹೂಂ ಅಂದ ಮೇಲೆ ಎರಡೂ ಕಾರ್ಡ್ ಕೊಟ್ಟೆ. ‘ಎಲ್ಲಿದೆ?’ ‘ಬಲ ಸೊಂಟದಲ್ಲಿ.’ ‘ಅಲ್ಲೇ ಇರಲಿ ಬಿಡಿ.’ ಅಷ್ಟೇ. ಮನೆಗೆ ಬಂದು ಎರಡು ಚೊಂಬು ನೀರು ಕುಡಿದೆ.

ಗಂಡನಿಗೆ ಇದು ಇಷ್ಟವಿಲ್ಲ. ಅವರು ಮೈಸೂರಿನವರು. ಆಯುಧಪೂಜೆ ಅಂದ್ರೆ ಕಾರಿನ ಚಕ್ರಕ್ಕೆ ನಿಂಬೆಹಣ್ಣು, ಅಷ್ಟೇ. ಆದರೆ ಅವರ ವಾದ ಸುಮ್ನೆ ಅಲ್ಲ. 2021ರಲ್ಲಿ ಅಮೆರಿಕದಲ್ಲಿ ಗನ್‌ನಿಂದ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, 26 ಸಾವಿರದ ಮೇಲೆ, ತಮಗೆ ತಾವೇ ಹೊಡೆದುಕೊಂಡವರು. ‘ಹೊರಗಿನವನಿಗಿಂತ ಒಳಗಿನವರೇ ಜಾಸ್ತಿ’ ಅಂತ ಅವರು ಹೇಳುತ್ತಾರೆ. ಕೋವಿಡ್ ವರ್ಷ ಅಪ್ಪ ತೀರಿಕೊಂಡಾಗ ನಾನು ಊರಿಗೆ ಹೋಗಲಾಗಲಿಲ್ಲ. ಆ ಎರಡು ಗುಂಡನ್ನು ವಾಟ್ಸಾಪ್‌ನಲ್ಲಿ ಕೇಳಿದೆ. ಆಮೇಲೆ ಎಷ್ಟೋ ವಾರ ನಾನು ನಾನಾಗಿರಲಿಲ್ಲ. ಒಂದು ದಿನ ಗಂಡ ಏನೂ ಹೇಳದೆ ಪಿಸ್ತೂಲು ಇಡುವ ಸೇಫಿನ ನಂಬರ್ ಬದಲಾಯಿಸಿದರು. ನಾನೂ ಏನೂ ಕೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಹೊಸ ನಂಬರ್ ಹೇಳಿದರು. ನಮ್ಮ ಮನೆಯ ನಿಯಮ ಈಗ ಅದೇ: ಒಬ್ಬರು ಮಂಕಾದರೆ ಇನ್ನೊಬ್ಬರು ನಂಬರ್ ಬದಲಾಯಿಸಬೇಕು, ಕಾರಣ ಕೇಳುವ ಹಾಗಿಲ್ಲ.

ನೀವು ಕೇಳಿದ್ದರ ಹಿಂದೆ ಡಲ್ಲಾಸ್ ಸುದ್ದಿ ಇರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮೋಟೆಲ್ ಒಂದರಲ್ಲಿ ಕರ್ನಾಟಕ ಮೂಲದ ಮ್ಯಾನೇಜರ್ ಒಬ್ಬರನ್ನು ಜೊತೆಗೆ ಕೆಲಸ ಮಾಡುವವನೇ ಮಚ್ಚಿನಿಂದ ಕೊಂದ, ಹೆಂಡತಿ ಮಗನ ಎದುರೇ. ಆ ವಾರ ನನಗೆ ಆರೇಳು ಫೋನ್ ಬಂದವು, ಯಾವ ಗನ್ ಒಳ್ಳೇದು ಅಂತ. ನೀವು ಎಚ್1ಬಿಯಲ್ಲಿದ್ದರೆ ಮೊದಲು ಇದನ್ನು ತಿಳಿದುಕೊಳ್ಳಿ: ತಾತ್ಕಾಲಿಕ ವೀಸಾದಲ್ಲಿರುವವರು ಗನ್ ಇಟ್ಟುಕೊಳ್ಳೋದು ಸಾಮಾನ್ಯವಾಗಿ ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಥರ ಕೆಲವೇ ವಿನಾಯಿತಿಗಳಿವೆ, ವಕೀಲರನ್ನು ಕೇಳದೆ ಮುಟ್ಟಬೇಡಿ. ನಾನೂ ಗ್ರೀನ್ ಕಾರ್ಡ್ ಬಂದ ಮೇಲೇ ತಗೊಂಡಿದ್ದು. 2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ 21 ದಾಟಿದ ಹೆಚ್ಚಿನವರಿಗೆ ಲೈಸೆನ್ಸೇ ಬೇಕಿಲ್ಲ. ನನಗೆ ಅದು ಸರಿ ಕಾಣಲ್ಲ. ಆ ಅರ್ಧ ದಿನದ ಪಾಠವೂ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳೋದು ಅಂದ್ರೆ? 2024ರಲ್ಲಿ ನಾನು 40 ಡಾಲರ್ ಕಟ್ಟಿ ರಿನ್ಯೂ ಮಾಡಿಸಿದೆ.

2023ರ ಕೈಲ್‌ಪೊಳ್ದಿಗೆ ಊರಿಗೆ ಹೋಗಿದ್ದೆ. ಚಿಕ್ಕಜ್ಜನಿಗೆ ಮಾತ್ರ ವಿಷಯ ಹೇಳಿದೆ. ತುಂಬಾ ಹೊತ್ತು ಕೋವಿ ಒರೆಸುತ್ತಾ ಕೂತಿದ್ದರು. ಆಮೇಲೆ, ‘ಯಾರಿಗೂ ಕಾಣದ ಕೋವಿಗೆ ಹೂವು ಎಲ್ಲಿ ಮುಡಿಸ್ತೀಯ?’ ಅಂದರು.

ಮರು ವರ್ಷ ಸೆಪ್ಟೆಂಬರ್ 3ಕ್ಕೆ ಟೆಕ್ಸಾಸ್ ಮನೆಯಲ್ಲಿ ಗುಂಡೆಲ್ಲ ತೆಗೆದು, ಎರಡು ಸಲ ನೋಡಿ, ದೇವರ ಮುಂದೆ ಇಟ್ಟೆ. ತೋಕ್ ಪೂ ಇಲ್ಲಿ ಎಲ್ಲಿಂದ ಬರಬೇಕು, ಅಂಗಡಿಯಿಂದ ತಂದ ಸೇವಂತಿಗೆ ಇಟ್ಟೆ. ಗಂಡ ನಕ್ಕರು, ಆದರೆ ಗಂಧ ತೇಯ್ದು ಕೊಟ್ಟಿದ್ದು ಅವರೇ. ಸಂಜೆ ಅಂಗಡಿಗೆ ಹೊರಡುವಾಗ ನೋಡಿದರೆ ಹಿಡಿಯ ಗೆರೆಗಳ ಒಳಗೆಲ್ಲ ಗಂಧ ಒಣಗಿ ಕೂತಿತ್ತು. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ ತಿಕ್ಕಿ ತೆಗೆದೆ. ಅಂಗಡಿಗೆ ಹತ್ತು ನಿಮಿಷ ತಡವಾಯ್ತು.