ಜಾತ್ರೆಗೆ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ, ಟ್ರೈಪಾಡ್ ಬೇಕಾ?

ಪ್ರಶ್ನೆ: ಸೋದರಮಾವನ ಯಾಶಿಕಾ ಮ್ಯಾಟ್ 124ಜಿ ಎಂಬ ಮೀಡಿಯಂ ಫಾರ್ಮ್ಯಾಟ್ (35 ಮಿಮೀಗಿಂತ ದೊಡ್ಡ ಫಿಲ್ಮ್ ಹಾಕುವ) ಕ್ಯಾಮೆರಾ ನನಗೆ ಸಿಕ್ಕಿದೆ. ಜನವರಿಯಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಒಯ್ಯುವ ಆಸೆ. ಮೊದಲ ರೋಲ್‌ನಲ್ಲಿ ಅರ್ಧ ಚಿತ್ರಗಳು ಅಲುಗಾಡಿವೆ. ಟ್ರೈಪಾಡ್ ಇಲ್ಲದೆ ಆಗಲ್ಲ ಅಂತಾರೆ, ನಿಜವಾ?
– ಓದುಗರು, ಬಾಗಲಕೋಟೆ

ಉತ್ತರ: ಖಂಡಿತ ಆಗುತ್ತದೆ. ಆ ಜನಜಂಗುಳಿಯಲ್ಲಿ ಟ್ರೈಪಾಡ್ ಊರಲು ಜಾಗ ಎಲ್ಲಿದೆ ಹೇಳಿ? ನಿಮ್ಮದು ಕೈಯಲ್ಲಿ ಹಿಡಿದು ತೆಗೆಯಲು ತುಂಬಾ ಒಳ್ಳೆಯ ಕ್ಯಾಮೆರಾ. ಮೇಲಿನ ಲೆನ್ಸ್ ನೋಡಲು, ಕೆಳಗಿನದು ಚಿತ್ರ ತೆಗೆಯಲು. ಒಳಗಿನ ಕನ್ನಡಿ ಕದಲುವುದೇ ಇಲ್ಲ, ಹಾಗಾಗಿ ಹ್ಯಾಸಲ್‌ಬ್ಲಾಡ್ ತರಹದ ಒಂದೇ ಲೆನ್ಸಿನ ಕ್ಯಾಮೆರಾದಲ್ಲಿ ಕನ್ನಡಿ ಎದ್ದಾಗ ಆಗುವ ಹೊಡೆತ ಇದರಲ್ಲಿಲ್ಲ. ಶಿಕಾಗೋ ಬೀದಿಗಳಲ್ಲಿ ಅಮೆರಿಕದ ಛಾಯಾಗ್ರಾಹಕಿ ವಿವಿಯನ್ ಮೈಯರ್ ಅಷ್ಟೊಂದು ಚಿತ್ರ ತೆಗೆದದ್ದೂ ಇದೇ ಜಾತಿಯ ರೋಲಿಫ್ಲೆಕ್ಸ್ ಹಿಡಿದು.

ಅಲುಗಾಟ ಬರುವುದು ಹಿಡಿಯುವ ರೀತಿಯಿಂದ. ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಕ್ಯಾಮೆರಾ ಹೊಟ್ಟೆಯ ಮಟ್ಟಕ್ಕೆ ಬರುವಂತೆ ಉದ್ದ ಹೊಂದಿಸಿ, ಆಮೇಲೆ ಎರಡೂ ಕೈಯಿಂದ ಕೆಳಕ್ಕೆ ಎಳೆದು ಪಟ್ಟಿ ಬಿಗಿಯಾಗುವಂತೆ ಹಿಡಿಯಿರಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಉಸಿರು ಅರ್ಧ ಬಿಟ್ಟು ತಡೆದು, ಬಟನ್ ಮೆಲ್ಲಗೆ ಒತ್ತಿ. ಅವಸರದಲ್ಲಿ ಕುಟ್ಟಿದರೆ ಚಿತ್ರ ಅಲುಗಾಡುವುದು ಗ್ಯಾರಂಟಿ. ಲೆನ್ಸ್ 80 ಮಿಮೀ, ಹಾಗಾಗಿ ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನ ಆಗದಿರಲಿ. ಕಂಬಕ್ಕೆ ಒರಗಿ ನಿಂತರೆ 1/30 ಕೂಡ ಸಾಧ್ಯ, ಆದರೆ ಎದುರಿನವರು ಕದಲಬಾರದು ಅಷ್ಟೇ.

ಐಎಸ್ಒ 400ರ (ಬೆಳಕಿಗೆ ಹೆಚ್ಚು ಚುರುಕಾದ) ಫಿಲ್ಮ್ ಹಾಕಿ. ಚುರುಕು ಬಿಸಿಲಿದ್ದರೆ ಲೆನ್ಸಿನ ತೆರಪು ಎಫ್ 11, ಶಟರ್ 1/500 ಇಟ್ಟು 5 ಮೀಟರ್‌ಗೆ ಫೋಕಸ್ ಮಾಡಿಬಿಡಿ. ಸುಮಾರು ಮೂರೂವರೆಯಿಂದ ಎಂಟೂವರೆ ಮೀಟರ್‌ವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಬಳೆ ಅಂಗಡಿ ಮುಂದೆ ಯಾರೋ ನಕ್ಕರು ಅಂದುಕೊಳ್ಳಿ, ಫೋಕಸ್ ತಿರುಗಿಸುತ್ತಾ ನಿಂತರೆ ನಗು ಮುಗಿದೇ ಹೋಗಿರುತ್ತದೆ! ಬಿಸಿಲಲ್ಲಿ ಇಷ್ಟು ಬೆಳಕು ಸ್ವಲ್ಪ ಜಾಸ್ತಿಯೇ, ಆದರೆ ನೆಗೆಟಿವ್ ಫಿಲ್ಮ್ ತಡೆದುಕೊಳ್ಳುತ್ತದೆ. ಒಳಗಿನ ಬೆಳಕು ಅಳೆಯುವ ಮೀಟರ್ ನಂಬಬೇಡಿ. ಅದು 1.35 ವೋಲ್ಟಿನ ಪಾದರಸದ ಸೆಲ್‌ಗೆ ಮಾಡಿದ್ದು, ಆ ಸೆಲ್ ಈಗ ಬರುತ್ತಿಲ್ಲ. ಮೊಬೈಲಿನ ಲೈಟ್ ಮೀಟರ್ ಆ್ಯಪ್ ಸಾಕು.

ಇನ್ನೊಂದು ವಿಷಯ, ಮೇಲಿನಿಂದ ನೋಡುವ ಗಾಜಿನಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ತೇರು ಬಲಕ್ಕೆ ಹೋದರೆ ನಿಮಗೆ ಎಡಕ್ಕೆ ಹೋದಂತೆ ಕಾಣುತ್ತದೆ. ಜಾತ್ರೆಗೆ ಮೊದಲು, ಫಿಲ್ಮ್ ಹಾಕದೆ ಸುಮ್ನೆ ರಸ್ತೆಬದಿ ನಿಂತು ಹೋಗುವ ಸೈಕಲ್ಲುಗಳ ಹಿಂದೆ ಕ್ಯಾಮೆರಾ ತಿರುಗಿಸಿ ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಮಾಮಿಯಾ ಆರ್‌ಬಿ67 ಕ್ಯಾಮೆರಾ ಕೊಂಡು ಕುಮಾರಪರ್ವತ ಹತ್ತಬಹುದಾ?
– ಓದುಗರು, ಪುತ್ತೂರು

ಉತ್ತರ: ಹತ್ತಬಹುದು, ಆದರೆ ನಾನು ಬೇಡ ಅನ್ನುತ್ತೇನೆ. ಲೆನ್ಸ್ ಸೇರಿ ಎರಡೂವರೆ ಕಿಲೋಗಿಂತ ಜಾಸ್ತಿ ತೂಕ, ದೊಡ್ಡ ಕನ್ನಡಿ, ಸ್ಟುಡಿಯೋಗೆಂದೇ ಮಾಡಿದ್ದು. ಆ ಏರು ನಿಮಗೆ ಗೊತ್ತಲ್ವಾ? ಹಳೆಯ ಮಡಚುವ 6x6 (ಸೆಂ.ಮೀ. ಚಿತ್ರದ) ಕ್ಯಾಮೆರಾ ಹುಡುಕಿ, ಕೋಟಿನ ಜೇಬಿನಲ್ಲಿ ಹಿಡಿಯುತ್ತದೆ, ಒಂದು ರೋಲ್‌ಗೆ 12 ಚಿತ್ರವೂ ಬರುತ್ತದೆ.

ಪ್ರಶ್ನೆ: ಬಿಸಿಲಲ್ಲಿ 120 ರೋಲ್ (ಮೀಡಿಯಂ ಫಾರ್ಮ್ಯಾಟ್ ಫಿಲ್ಮ್) ಬದಲಿಸಿದರೆ ಬೆಳಕು ಬೀಳುತ್ತದಾ?
– ಓದುಗರು, ರಾಯಚೂರು

ಉತ್ತರ: ಸುತ್ತು ಸಡಿಲವಾದರೆ ಅಂಚಿನಿಂದ ಬೀಳುತ್ತದೆ. ನೆರಳಿಗೆ ಹೋಗಿ, ಅದೂ ಸಿಗದಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ಬದಲಿಸಿ. ತೆಗೆದ ರೋಲ್ ಬಿಗಿಯಾಗಿ ಹಿಡಿದು ಕಾಗದದ ಪಟ್ಟಿ ಅಂಟಿಸಿ, ಕೂಡಲೇ ಡಬ್ಬಿಯಲ್ಲಿ ಹಾಕಿಡಿ.