ಪತ್ರದ ಅಂಚಿನಲ್ಲಿದ್ದ ಸಾಲು

ಬದಿಯಡ್ಕ ಕಡೆಯ ಹಿರಿಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ 'ಸಾಸಿವೆ ಕಾಳಿನಷ್ಟು ಕ್ಯಾನ್ಸರನ್ನೂ ಹಿಡಿಯುವ ಸ್ಕ್ಯಾನ್' ಎಂಬ ಲೇಖನ ಓದಿದೆ. ನನಗೆ 61 ವರ್ಷ. ಗಲ್ಫಿನಲ್ಲಿರುವ ಮಗ, ದುಡ್ಡು ಕಳಿಸುತ್ತೇನೆ, ಮಂಗಳೂರಿಗೆ ಹೋಗಿ ಇಡೀ ಮೈಯ ಪೆಟ್-ಸಿಟಿ ಮಾಡಿಸಿಬಿಡಿ ಎನ್ನುತ್ತಾನೆ. ಮಾಡಿಸಲೇ?"

ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ತಲೆಬರಹ ಕೊಟ್ಟದ್ದು ನಾನೇ. ಕೇಳಲು ಚೆನ್ನಾಗಿತ್ತು, ಹಾಕಿಬಿಟ್ಟೆ. ಸಾಸಿವೆ ಕಾಳು ಅಂದರೆ ಒಂದೆರಡು ಮಿಲಿಮೀಟರ್. ಏಳೆಂಟು ಮಿಲಿಮೀಟರಿಗಿಂತ ಸಣ್ಣ ಗಡ್ಡೆ ಎಷ್ಟೋ ಸಲ ಪೆಟ್-ಸಿಟಿಯ ಕಣ್ಣು ತಪ್ಪಿಸಿಬಿಡುತ್ತದೆ. ಕಡಲೆ ಕಾಳು ಅಂದಿದ್ದರೆ ಸರಿಯಾಗುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆ. ಪೆಟ್-ಸಿಟಿ ಬೇಡ, ಈಗಲಂತೂ ಬೇಡ. ಯಾಕೆಂದು ಹೇಳುತ್ತೇನೆ.

ಈ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಅಂತ ಬರೆದುಕೊಂಡು ಏನೂ ಕಾಣುವುದಿಲ್ಲ. ಕಾಣುವುದು ಸಕ್ಕರೆ. ಒಂದು ಬಗೆಯ ಗ್ಲೂಕೋಸಿಗೆ ಫ್ಲೋರಿನ್-18 ಎಂಬ ವಿಕಿರಣ ಸೂಸುವ ವಸ್ತು ಸೇರಿಸಿ ನರಕ್ಕೆ ಚುಚ್ಚುತ್ತಾರೆ. 110 ನಿಮಿಷಕ್ಕೆ ಅದರ ಶಕ್ತಿ ಅರ್ಧ ಇಳಿಯುತ್ತದೆ. ಹಾಗಾಗಿ ದಾಸ್ತಾನು ಇಡಲು ಆಗುವುದಿಲ್ಲ, ಪೇಟೆಯ ಹಾಲಿನ ಹಾಗೆ ಅವತ್ತಿನದು ಅವತ್ತಿಗೇ. ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಸುಮ್ನೆ ಮಲಗಿಸುತ್ತಾರೆ. ಮೈಯಲ್ಲಿ ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗುತ್ತದೋ ಅಲ್ಲಿ ಹೊಳಪು. ಹೆಚ್ಚಿನ ಕ್ಯಾನ್ಸರ್ ಗಡ್ಡೆಗಳು ಸಕ್ಕರೆಯನ್ನು ಗಬಗಬ ತಿನ್ನುತ್ತವೆ, ಅದು ನಿಜ. ಆದರೆ ಮಿದುಳೂ ತಿನ್ನುತ್ತದೆ. ಕ್ಷಯ ಇದ್ದ ಜಾಗ ಹೊಳೆಯುತ್ತದೆ. ಊದಿಕೊಂಡ ವಸಡೂ ಹೊಳೆಯುತ್ತದೆ! ಏನೂ ತೊಂದರೆ ಇಲ್ಲದವರು ಇದರೊಳಗೆ ಹೋದರೆ ಎಲ್ಲೋ ಒಂದು ಚುಕ್ಕೆ ಹೊಳೆದು, ಅದೇನೆಂದು ತಿಳಿಯಲು ಇನ್ನೊಂದು ಸ್ಕ್ಯಾನ್, ಮತ್ತೊಂದು ಸೂಜಿ, ಮೂರು ತಿಂಗಳು ನಿದ್ದೆಯಿಲ್ಲ. ಇದರ ಜೊತೆಗೆ, ನಮಗೆ ಮಣ್ಣು-ಆಕಾಶದಿಂದ ಸಹಜವಾಗಿ ಹಲವು ವರ್ಷಗಳಲ್ಲಿ ಸಿಗುವಷ್ಟು ವಿಕಿರಣ ಒಂದೇ ದಿನ ಮೈಗೆ ಬೀಳುತ್ತದೆ. ರೋಗ ಇದ್ದವರಿಗೆ ಅದು ದೊಡ್ಡದಲ್ಲ. ಸುಮ್ಮನೆ ನೋಡಿಸಿಕೊಳ್ಳುವವರಿಗೆ ಯಾಕೆ ಬೇಕು?

ಈಗ ನನ್ನ ಕಣ್ಣಿಗೆ ಚುಚ್ಚಿದ ಸಂಗತಿ. ಪತ್ರ ಮುಗಿಸಿ, ಇನ್‌ಲ್ಯಾಂಡಿನ ಅಂಚಿನಲ್ಲಿ ಅಡ್ಡಕ್ಕೆ ಒಂದು ಸಾಲು ಬರೆದಿದ್ದೀರಿ: "ಹೊಗೆಸೊಪ್ಪು ಬಿಟ್ಟು ಹತ್ತು ವರ್ಷ ಆಯಿತು, ಈಗ ಬರೀ ಎಲೆಯಡಿಕೆ. ಎರಡು ತಿಂಗಳಿಂದ ಎಡ ಕೆನ್ನೆಯ ಒಳಗೆ ಉಪ್ಪಿನಕಾಯಿ ತಾಗಿದರೆ ಉರಿ, ತುತ್ತು ಮೊದಲಿನ ಹಾಗೆ ಬಾಯಿಗೆ ಹಿಡಿಯುವುದಿಲ್ಲ." ಇದನ್ನೇ ಪತ್ರದ ತಲೆಯಲ್ಲಿ ಬರೆಯಬೇಕಿತ್ತಲ್ವಾ?

ಹೊಗೆಸೊಪ್ಪು ಬಿಟ್ಟದ್ದು ಒಳ್ಳೆಯದಾಯಿತು. ಆದರೆ "ಬರೀ ಅಡಿಕೆ" ಎಂದರೆ ನಿಶ್ಚಿಂತೆ ಅಲ್ಲ. ಅಡಿಕೆಯೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಕಾಸರಗೋಡಿನಲ್ಲಿ ಕೂತು ಇದನ್ನು ಬರೆಯುವುದು ಸುಲಭವಲ್ಲ. ನನ್ನ ಮನೆಯ ಅಂಗಳದಲ್ಲೂ ಅಡಿಕೆ ಒಣಗುತ್ತಿದೆ, ಈ ಪತ್ರಿಕೆಯ ಚಂದಾದಾರರಲ್ಲಿ ಅರ್ಧಕ್ಕರ್ಧ ತೋಟದವರು. ಆದರೂ ಬರೆಯದೆ ಇರಲಾರೆ.

ಕನ್ನಡಿ ಮುಂದೆ ನಿಂತು ಬಾಯಿ ತೆರೆದು, ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಕೆನ್ನೆಯ ಒಳಚರ್ಮ ಗಟ್ಟಿಯಾಗುತ್ತಿರಬಹುದು. ಹೋದರೂ ಡಾಕ್ಟರ ಹತ್ತಿರ ಹೋಗಿ, ಎರಡು ತಿಂಗಳ ಉರಿ ಸಣ್ಣದಲ್ಲ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು-ಮೂರು ವಾರವಾದರೂ ಮಾಗದ ಹುಣ್ಣು, ಇವನ್ನು ಹಿಡಿಯಲು ಬೇಕಾದದ್ದು ಒಂದು ಟಾರ್ಚ್, ಒಂದು ಸಣ್ಣ ಕನ್ನಡಿ, ಬಲ್ಲವರ ಕಣ್ಣು. ಚರ್ಮದಷ್ಟೇ ತೆಳ್ಳಗಿನ ಮಚ್ಚೆ ಪೆಟ್-ಸಿಟಿಯಲ್ಲಿ ಕಾಣದೇ ಹೋಗಬಹುದು.

ಹೀಗೆ ಬಾಯಿ ತೆರೆಸಿ ನೋಡುವುದರಿಂದ ಪ್ರಯೋಜನ ಇದೆಯಾ ಎಂದು ನಮ್ಮ ಕೇರಳದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ತಿರುವನಂತಪುರದ 13 ಪಂಚಾಯತುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ತರಬೇತಾದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ಡಾಕ್ಟರರಲ್ಲ, ಪದವಿ ಓದಿದ ಸಾಮಾನ್ಯ ಜನ. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆ. ನಮ್ಮ ಲೇಖನದಲ್ಲಿ ಸ್ವೀಡನ್ನಿನ ಕೃತಕ ಬುದ್ಧಿಮತ್ತೆಯ ಬಗ್ಗೆ ಅರ್ಧ ಪುಟ ಇತ್ತು, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. (ಸ್ವೀಡನ್ನಿನದು ಸುಳ್ಳಲ್ಲ. ಆದರೆ ಅಲ್ಲಿ ಕಂಪ್ಯೂಟರ್ ನೋಡಿದ್ದು ಹೆಂಗಸರ ಎದೆಯ ಎಕ್ಸ್‌ರೇ, ಮ್ಯಾಮೊಗ್ರಾಂ. ನಿಮ್ಮ ಕೆನ್ನೆಗೂ ಅದಕ್ಕೂ ಸಂಬಂಧವಿಲ್ಲ.)

ಹಾಗಾದರೆ ದೊಡ್ಡ ಮಷೀನು ದಂಡವೇ? ಖಂಡಿತ ಅಲ್ಲ. ಅದರ ಸರದಿ ಆಮೇಲೆ. ಡಾಕ್ಟರಿಗೆ ಸಂಶಯ ಬಂದರೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಹೌದು ಎಂದಾದರೆ ಎಷ್ಟು ಆಳ ಇಳಿದಿದೆ, ದವಡೆ ಮೂಳೆಗೆ ತಾಗಿದೆಯಾ ಎಂದು ತಿಳಿಯಲು ಸಿಟಿ ಅಥವಾ ಎಂಆರ್‌ಐ. ರೋಗ ಬೆಳೆದಿದ್ದರೆ, ಬೇರೆಲ್ಲಿಗಾದರೂ ಹರಡಿದೆಯಾ ಎಂದು ನೋಡಲು ಪೆಟ್-ಸಿಟಿ. ಚಿಕಿತ್ಸೆ ಮುಗಿದ ಮೇಲಂತೂ ಅದರ ಉಪಕಾರ ದೊಡ್ಡದು. ಹಿಂದೆ, ತಲೆ-ಕುತ್ತಿಗೆ ಕ್ಯಾನ್ಸರ್ ಕುತ್ತಿಗೆಯ ಗಂಟುಗಳಿಗೆ (ದುಗ್ಧಗ್ರಂಥಿಗಳಿಗೆ) ಹರಡಿದ್ದರೆ, ರೇಡಿಯೇಶನ್ ಮತ್ತು ಕೀಮೋ ಕೊಟ್ಟರೂ ಕುತ್ತಿಗೆ ಕೊಯ್ದು ಗಂಟು ತೆಗೆಯುವ ವಾಡಿಕೆ ಇತ್ತು. ಬ್ರಿಟನ್ನಿನಲ್ಲಿ 564 ರೋಗಿಗಳ ಒಂದು ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ವಾಡಿಕೆಯ ಹಾಗೆ ಕೊಯ್ಯುವುದು, ಉಳಿದರ್ಧಕ್ಕೆ ಚಿಕಿತ್ಸೆ ಮುಗಿದು 12 ವಾರ ಕಾದು ಪೆಟ್-ಸಿಟಿ ಎಂದು ಮಾಡಿದರು. ಪೆಟ್-ಸಿಟಿಯ ಗುಂಪಿನಲ್ಲಿ ಗಂಟು ಇನ್ನೂ ಹೊಳೆದವರಿಗೆ, ಇಲ್ಲವೇ ಸಂಶಯ ಉಳಿದವರಿಗೆ ಮಾತ್ರ ಕೊಯ್ದರು. ಐದರಲ್ಲಿ ನಾಲ್ಕು ಜನಕ್ಕೆ ಕತ್ತಿ ಬೇಕಾಗಲೇ ಇಲ್ಲ, ಬದುಕುಳಿದವರ ಲೆಕ್ಕ ಎರಡು ಗುಂಪಿನಲ್ಲೂ ಹೆಚ್ಚು ಕಮ್ಮಿ ಒಂದೇ. ಫಲಿತಾಂಶ ಬಂದದ್ದು 2016ರಲ್ಲಿ. ಒಬ್ಬೊಬ್ಬರಿಗೆ ತಕ್ಕ ಚಿಕಿತ್ಸೆ ಎಂದು ನಾವು ದೊಡ್ಡ ಅಕ್ಷರದಲ್ಲಿ ಹಾಕಿದ್ದೆವಲ್ಲ, ಅದು ಇದು.

ಇನ್ನೊಂದು. ಫಿಲಂ, ಸೀಡಿ, ಬಯಾಪ್ಸಿ ಕಾಗದ ಯಾವುದನ್ನೂ ಎಸೆಯಬೇಡಿ. ನನ್ನ ಅತ್ತೆಯ ಹಳೇ ಫಿಲಂಗಳನ್ನು ಟ್ರಂಕಿನಲ್ಲಿ ಇಟ್ಟಿದ್ದೆವು. ಒಂದು ಮಳೆಗಾಲದಲ್ಲಿ ಎಲ್ಲಾ ಹಪ್ಪಳದ ಹಾಗೆ ಅಂಟಿಕೊಂಡವು. ಎರಡು ವರ್ಷದ ಬಳಿಕ ಡಾಕ್ಟರು, "ಈ ಚುಕ್ಕೆ ಮೊದಲೂ ಇತ್ತಾ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ.

ಮಗನಿಗೆ ಫೋನ್ ಮಾಡಿ, ಪೆಟ್-ಸಿಟಿಯ ದುಡ್ಡು ಸದ್ಯ ಅಲ್ಲೇ ಇರಲಿ ಎನ್ನಿ. ಎಲೆಯಡಿಕೆಯ ಹರಿವಾಣ ಇವತ್ತೇ ಅಟ್ಟಕ್ಕೆ ಹೋಗಲಿ. ಈ ವಾರದೊಳಗೆ ಹತ್ತಿರದ ಹಲ್ಲಿನ ಡಾಕ್ಟರಲ್ಲಿ ಹೋಗಿ, ಅಂಚಿನಲ್ಲಿ ಬರೆದ ಆ ಸಾಲನ್ನೇ ಮೊದಲು ಹೇಳಿ. ಚೀಟಿಯಲ್ಲಿ ಮಲಯಾಳ ಬರೆದಿದ್ದು ಓದಲು ಆಗದಿದ್ದರೆ ನಮ್ಮ ಕಚೇರಿಗೆ ತನ್ನಿ, ಓದಿ ಹೇಳುತ್ತೇವೆ.

— ಸಂ.